ಸಿಗ್ನಲ್ ಮುಗಿದ ಮೇಲಿನ ದಾರಿ

ಕನಕಪುರದಿಂದ ದೊಡ್ಡಆಲಹಳ್ಳಿ ಹಾದು ಸಂಗಮದ ಕಡೆಗೆ ಹೋಗುವ ರಸ್ತೆಯಲ್ಲಿ ಊರುಗಳು ವಿರಳವಾಗಿ ಕುರುಚಲು ಕಾಡು ಶುರುವಾಗುವ ಹೊತ್ತಿಗೆ, ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೂಲೆಯ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಇಳಿದು, ಕೆಲವು ಕಡೆ ಪೂರ್ತಿ ಇಲ್ಲವಾಗುತ್ತವೆ. ನಾವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಮಾತ್ರ ಏನೂ ಆಗದಂತೆ ಮುಂದೆ ಸಾಗುತ್ತಲೇ ಇರುತ್ತದೆ. ಅದರ ಅಡಿಯ ನಕ್ಷೆ ಮೊದಲು ಮಸುಕಾಗಿ, ಆಮೇಲೆ ಬೂದು ಚೌಕಗಳಾಗಿ, ಕೊನೆಗೆ ಬರಿಯ ಹಾಳೆಯಾಗುತ್ತದೆ. ಜಿಪಿಎಸ್ ಕೈಕೊಟ್ಟಿತು ಎಂದು ಸವಾರರು ಬೈದುಕೊಳ್ಳುವುದು ಇಂಥ ಜಾಗದಲ್ಲೇ. ನಿಜವಾಗಿ ಕೈಕೊಟ್ಟದ್ದು ಜಿಪಿಎಸ್ ಅಲ್ಲ. ಅಕ್ಷಾಂಶ ರೇಖಾಂಶಗಳು ಆಕಾಶದಿಂದ ಬಿಟ್ಟಿಯಾಗಿ ಬರುತ್ತಲೇ ಇವೆ. ಬರದೆ ನಿಂತದ್ದು ಮೊಬೈಲ್ ಟವರ್ ಮೂಲಕ ತುಣುಕು ತುಣುಕಾಗಿ ಬರುತ್ತಿದ್ದ ನಕ್ಷೆ. ಈ ಎರಡು ಬೇರೆ ಬೇರೆ ಎಂಬುದು ತಲೆಗೆ ಹೋದರೆ, ಬೈಕಿಗೆ ಯಾವ ಜಿಪಿಎಸ್ ಕೊಳ್ಳಬೇಕು ಎಂಬ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಮೊದಲು ಆರಿಸಬೇಕಾದದ್ದು ನಕ್ಷೆಯನ್ನು, ಪೆಟ್ಟಿಗೆಯನ್ನು ಆಮೇಲೆ. ಆ ಕ್ರಮದಲ್ಲಿ ಆರಿಸಲು ಕೂತರೆ ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸುತ್ತ ಓಡಾಡುವ ಬಹುಪಾಲು ಸವಾರರಿಗೆ ಹೊಸ ಪೆಟ್ಟಿಗೆಯೇ ಬೇಕಾಗುವುದಿಲ್ಲ ಎಂಬುದು ಈ ಲೇಖನದ ವಾದ.

ಮುಂದುವರಿಯುವ ಮುನ್ನ ಅಂಗಡಿಯಲ್ಲಿ ಆಗುವ ಒಂದು ಗೊಂದಲವನ್ನು ತೀರಿಸಿಕೊಳ್ಳಬೇಕು. ಬಿಡಿಭಾಗದ ಅಂಗಡಿಗೆ ಹೋಗಿ ‘ಬೈಕಿಗೆ ಜಿಪಿಎಸ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಸಿಮ್ ಹಾಕುವ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಅದು ಗಾಡಿ ಕಳುವಾದರೆ ಎಲ್ಲಿದೆ ಎಂದು ಮಾಲೀಕನಿಗೆ ತಿಳಿಸುವ ಟ್ರ್ಯಾಕರ್. ಸವಾರನಿಗೆ ದಾರಿ ಹೇಳುವ ಕೆಲಸ ಅದರದಲ್ಲ. ಎರಡೂ ಉಪಯುಕ್ತವೇ, ಆದರೆ ಒಂದು ಇನ್ನೊಂದರ ಬದಲಿಯಲ್ಲ. ಇಲ್ಲಿ ಮಾತು ದಾರಿ ಹೇಳುವ ಸಾಧನದ ಬಗ್ಗೆ.

ಆಕಾಶದ ಭಾಗವನ್ನು ಮೊದಲು ನೋಡೋಣ, ಏಕೆಂದರೆ ಜಾಹೀರಾತುಗಳು ಹೆಚ್ಚು ಗದ್ದಲ ಮಾಡುವುದು ಅದರ ಬಗ್ಗೆಯೇ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ಸಮಯದ ಸಂಕೇತವನ್ನು ಬಿತ್ತರಿಸುತ್ತವೆ. ನಮ್ಮ ಕೈಯಲ್ಲಿರುವುದು ಬರಿಯ ಕೇಳುಗ. ಅದು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಅದಕ್ಕೆ ರೀಚಾರ್ಜ್ ಬೇಕಿಲ್ಲ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಸಾಮಾನ್ಯ ಸಾಧನವೂ ಬಯಲಿನಲ್ಲಿ ಕೆಲವೇ ಮೀಟರ್ ಹತ್ತಿರಕ್ಕೆ ಜಾಗ ಹೇಳತೊಡಗಿತು. ಇಂದಿನ ಸಾಧಾರಣ ಸ್ಮಾರ್ಟ್‌ಫೋನ್ ತೆರೆದ ಆಕಾಶದಡಿ ಐದು ಮೀಟರಿನ ಆಸುಪಾಸಿನ ನಿಖರತೆ ಕೊಡುತ್ತದೆ. ದುಬಾರಿ ಪೆಟ್ಟಿಗೆಯೂ ರಸ್ತೆಯ ಮೇಲೆ ಇದಕ್ಕಿಂತ ಗಮನಕ್ಕೆ ಬರುವಷ್ಟು ಹೆಚ್ಚಿನದೇನನ್ನೂ ಕೊಡುವುದಿಲ್ಲ. ಸಾವನದುರ್ಗದ ಬಂಡೆಗೋಡೆಯ ಬುಡದಲ್ಲೋ ಮೇಕೆದಾಟಿನ ಕೊರಕಲಿನಲ್ಲೋ ಸಂಕೇತ ಕಲ್ಲಿಗೆ ಬಡಿದು ತಡವಾಗಿ ಬರುವುದರಿಂದ ಚುಕ್ಕೆ ಅತ್ತಿತ್ತ ಹಾರಬಹುದು. ಎರಡು ತರಂಗಾಂತರಗಳಲ್ಲಿ ಕೇಳುವ ಫೋನುಗಳಲ್ಲಿ ಈ ಕಾಟ ಕಡಿಮೆ. 2018ರಿಂದೀಚೆಗೆ ಅಂಥವು ಬಂದಿವೆ, ಈಗ ಮಧ್ಯಮ ಬೆಲೆಗೂ ಸಿಗುತ್ತವೆ.

ಇಲ್ಲಿ ನಮ್ಮ ಸೀಮೆಯ ಹೆಮ್ಮೆಯೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳುವಿನಲ್ಲಿ ಇಸ್ರೋದ ದೊಡ್ಡ ತಟ್ಟೆ ಆಂಟೆನಾಗಳಿವೆ. ಚಂದ್ರಯಾನದ ಮಾತು ಕೇಳಿಸಿಕೊಂಡದ್ದು ಅವೇ. ಅದೇ ಆವರಣದಲ್ಲಿ 2013ರ ಮೇ ತಿಂಗಳಲ್ಲಿ ನಮ್ಮದೇ ಪಥದರ್ಶಕ ವ್ಯವಸ್ಥೆಯಾದ ನಾವಿಕ್‌ನ ನಿಯಂತ್ರಣ ಕೇಂದ್ರ ಆರಂಭವಾಯಿತು. ಅದೇ ವರ್ಷದ ಜುಲೈ 1ರಂದು ಮೊದಲ ಉಪಗ್ರಹ ಏರಿತು. ಹಾಗಾಗಿ ‘ನಾವಿಕ್ ಇದೆ’ ಎಂಬ ಚೀಟಿ ಕಂಡರೆ ನಮ್ಮ ಕಡೆಯವರಿಗೆ ಒಲವು ಮೂಡುವುದು ಸಹಜ. ಆದರೆ ಕೊಳ್ಳುವಾಗ ಅದನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ನಾವಿಕ್‌ನ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು, 2017ರಲ್ಲಿ ಬದಲಿ ಉಪಗ್ರಹ ಶಾಖ ಕವಚ ಕಳಚದೆ ವಿಫಲವಾಯಿತು, 2023ರಲ್ಲಿ ಎನ್‌ವಿಎಸ್-01 ಯಶಸ್ವಿಯಾದರೂ 2025ರ ಜನವರಿಯಲ್ಲಿ ಏರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲಿಲ್ಲ. ಗಡಿಯಾರ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ನೆಲದ ಲೆಕ್ಕ ಒಂದು ಅಡಿಯಷ್ಟು ತಪ್ಪುತ್ತದೆ, ಆದ್ದರಿಂದ ಗಡಿಯಾರ ಕೆಟ್ಟ ಉಪಗ್ರಹ ದಾರಿ ಹೇಳುವ ಕೆಲಸಕ್ಕೆ ಬಾರದು. ಅಮೆರಿಕದ್ದು, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೋ, ನಮ್ಮ ನಾವಿಕ್ ಎಲ್ಲವನ್ನೂ ಒಟ್ಟಿಗೆ ಕೇಳುವ ಚಿಪ್ ಇದ್ದರೆ ಸಾಕು. ಈಗಿನ ಫೋನುಗಳಲ್ಲಿ ಹಲವು ವ್ಯವಸ್ಥೆಗಳನ್ನು ಕೇಳುವುದು ಮಾಮೂಲು. ಅಂದರೆ ಆಕಾಶದ ಭಾಗದಲ್ಲಿ ಆರಿಸಲು ಹೆಚ್ಚೇನೂ ಉಳಿದಿಲ್ಲ.

ಒಂದು ಸೂಕ್ಷ್ಮ ಮಾತ್ರ ಉಂಟು. ಆಫ್ ಮಾಡಿಟ್ಟಿದ್ದ ಸಾಧನ ಆನ್ ಆದಾಗ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿಯನ್ನು ಮೊದಲು ಪಡೆಯಬೇಕು. ಉಪಗ್ರಹವೇ ಅದನ್ನು ಸೆಕೆಂಡಿಗೆ 50 ಬಿಟ್‌ಗಳ ಬಸವನಹುಳುವಿನ ವೇಗದಲ್ಲಿ ಕಳಿಸುವುದರಿಂದ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಮರಗಳ ಕೆಳಗೆ ಇನ್ನೂ ಹೆಚ್ಚು. ಫೋನು ಈ ಪಟ್ಟಿಯನ್ನು ಇಂಟರ್‌ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ, ಅದರ ಚುರುಕಿನ ಗುಟ್ಟು ಇದೇ. ಹಾಗಾಗಿ ಸಿಗ್ನಲ್ ಇಲ್ಲದ ಕಾಡಿನ ನಡುವೆ ಲೊಕೇಶನ್ ಆನ್ ಮಾಡಿ ಪರದಾಡುವ ಬದಲು ಕನಕಪುರದ ಬಸ್‌ಸ್ಟ್ಯಾಂಡ್ ಬಳಿಯೇ ಆನ್ ಮಾಡಿ ಹೊರಟರೆ ಮುಂದಿನ ಕೆಲವು ಗಂಟೆ ಆ ಪಟ್ಟಿ ಕೆಲಸಕ್ಕೆ ಬರುತ್ತದೆ.

ಈಗ ನಕ್ಷೆಗೆ ಬರೋಣ. ಈ ಸೀಮೆಯ ರಸ್ತೆಗಳು ನಕ್ಷೆಯನ್ನು ಎಷ್ಟು ಬಗೆಯಲ್ಲಿ ಪರೀಕ್ಷಿಸುತ್ತವೆ ಎಂದರೆ, ಬೇರೆಡೆಯ ವಿಮರ್ಶೆ ಓದಿ ಸಾಧನ ಕೊಂಡವರಿಗೆ ಅದು ಇಲ್ಲಿಗೆ ಬಂದ ಮೇಲೆಯೇ ತಿಳಿಯುವುದು. ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಮೇಕೆದಾಟು ಅಲ್ಲಿಂದ ನಾಲ್ಕು ಕಿಲೋಮೀಟರ್ ಚಿಲ್ಲರೆ, ಆದರೆ ನಡುವೆ ಹೊಳೆ. ನೀರು ಕಡಿಮೆಯಿದ್ದಾಗ ಜನ ಕಾಲ್ನಡಿಗೆಯಲ್ಲೋ ತೆಪ್ಪದಲ್ಲೋ ದಾಟಿ, ಆಚೆ ದಡದ ಬಸ್ಸು ಹಿಡಿದು ಹೋಗುತ್ತಾರೆ. ಬೈಕು ಈಚೆ ದಡದಲ್ಲೇ ನಿಲ್ಲಬೇಕು. ನಕ್ಷೆಯ ಮೇಲೆ ಒಂದು ಗೆರೆ ಹೊಳೆಯ ಈ ದಡಕ್ಕೆ ಬಂದು ಇನ್ನೊಂದು ಗೆರೆ ಆ ದಡದಿಂದ ಹೊರಟರೆ, ನಡುವೆ ಸೇತುವೆ ಇದೆಯೇ, ಪಾತ್ರವೇ, ತೆಪ್ಪವೇ ಎಂಬುದನ್ನು ಯಾರಾದರೂ ಗುರುತಿಸಿಟ್ಟಿದ್ದರೆ ಮಾತ್ರ ಸಾಧನಕ್ಕೆ ಗೊತ್ತಾಗುತ್ತದೆ. ಹಾಗೆಯೇ ಮುತ್ತತ್ತಿ. ಬೆರಳಿಟ್ಟು ಅಳೆದರೆ ಸಂಗಮಕ್ಕೂ ಮುತ್ತತ್ತಿಗೂ ಅಷ್ಟೇನೂ ದೂರವಿಲ್ಲ. ಆದರೆ ನಡುವಿನದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಕಾಡು. ಅರಣ್ಯ ಇಲಾಖೆಯ ಜೀಪು ಹೋಗುವ ಹಾದಿಗಳು ನಕ್ಷೆಯಲ್ಲಿ ರಸ್ತೆಯಂತೆ ಕಂಡರೂ ಅವು ನಮಗಲ್ಲ. ಸಾತನೂರಿಗೆ ಬಂದು ಹಲಗೂರು ಸುತ್ತಿಯೇ ಹೋಗಬೇಕು. ಆನೆಗಳ ಓಡಾಟವಿರುವ ಈ ಭಾಗದಲ್ಲಿ ‘ಹತ್ತಿರದ ದಾರಿ’ ಎಂದು ಸಾಧನ ಹೇಳಿದ ಕಡೆಗೆ ಸಂಜೆ ಹೊತ್ತಿನಲ್ಲಿ ನುಗ್ಗುವುದು ಜೀವದ ಜೊತೆ ಆಟ.

ಇದಕ್ಕಿಂತ ಚೊಕ್ಕವಾದ ಸಾಕ್ಷಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಈ ದಶಪಥದ ನಡುವಿನ ಆರು ಪಥಗಳಿಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಬೈಕಿನವರು ಸರ್ವಿಸ್ ರಸ್ತೆ ಹಿಡಿಯಬೇಕು. ರಾಮನಗರ, ಚನ್ನಪಟ್ಟಣಗಳ ಬೈಪಾಸ್ ಬಿಟ್ಟು ಊರೊಳಗಿನ ಹಳೇ ರಸ್ತೆಯಲ್ಲಿ ಹೋಗಬೇಕು. ಕಾರಿಗೆಂದು ದಾರಿ ಲೆಕ್ಕ ಹಾಕುವ ಯಾವ ಸಾಧನವಾದರೂ ಬೈಕನ್ನು ನೇರ ನಿಷೇಧಿತ ಪಥಕ್ಕೇ ಹತ್ತಿಸುತ್ತದೆ, ಏಕೆಂದರೆ ಅದರ ಮಟ್ಟಿಗೆ ಅದೇ ಬೇಗ ಮುಟ್ಟಿಸುವ ದಾರಿ. ಗೂಗಲ್ ಮ್ಯಾಪ್ಸ್ ದ್ವಿಚಕ್ರ ವಾಹನಕ್ಕೆಂದೇ ಬೇರೆ ಆಯ್ಕೆಯನ್ನು 2017ರ ಡಿಸೆಂಬರ್‌ನಲ್ಲಿ ಜಗತ್ತಿನಲ್ಲೇ ಮೊದಲು ಭಾರತದಲ್ಲಿ ತಂದದ್ದು ಸುಮ್ಮನೆ ಅಲ್ಲ. ಇಲ್ಲಿ ಇನ್ನೊಂದು ತೊಡಕೂ ಇದೆ. ಫ್ಲೈಓವರ್ ಮೇಲಿನ ಪಥವೂ ಕೆಳಗಿನ ಸರ್ವಿಸ್ ರಸ್ತೆಯೂ ಪಕ್ಕಪಕ್ಕದಲ್ಲೇ ಓಡುತ್ತವೆ. ಐದು ಮೀಟರ್ ಅತ್ತಿತ್ತ ತಪ್ಪುವ ಸಾಧನ ನೀವು ಮೇಲಿದ್ದೀರೋ ಕೆಳಗಿದ್ದೀರೋ ಎಂದು ನಿಶ್ಚಯವಾಗಿ ಹೇಳಲಾರದು. ಎಷ್ಟು ದುಡ್ಡು ಕೊಟ್ಟ ಪೆಟ್ಟಿಗೆಯಾದರೂ ಇಲ್ಲಿ ದಾರಿ ತಪ್ಪಿಸದೆ ಇರುವುದು ಅದರ ನಕ್ಷೆಗೆ ‘ಇದು ಬೈಕು, ಮೇಲಿನ ರಸ್ತೆ ಇದಕ್ಕೆ ಮುಚ್ಚಿದೆ’ ಎಂದು ಗೊತ್ತಿದ್ದರೆ ಮಾತ್ರ.

ನಕ್ಷೆಯ ವಯಸ್ಸೂ ಅಷ್ಟೇ ಮುಖ್ಯ. ಕನಕಪುರದ ಹೆದ್ದಾರಿ ಇಂದಿಗೂ ಜನರ ಬಾಯಲ್ಲಿ 209. ಕಾಗದದಲ್ಲಿ ಅದು 948. ರಾಮನಗರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಲು ರಾಜ್ಯ ಸಂಪುಟ 2025ರ ಮೇ ತಿಂಗಳಲ್ಲಿ ಒಪ್ಪಿತು. ಇದೇ 948ನ್ನು ಹಿಡಿದು ಕೊಳ್ಳೇಗಾಲ, ಚಾಮರಾಜನಗರ ದಾಟಿ ಸತ್ಯಮಂಗಲದ ಕಡೆ ಇಳಿಯುವವರಿಗೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರದ ನಿರ್ಬಂಧವಿದೆ. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಅದು ಬಿಗಿಯಾಗಿ ಜಾರಿಗೆ ಬಂತು. ವರ್ಷಕ್ಕೊಮ್ಮೆ ಕಂಪ್ಯೂಟರಿಗೆ ಸಿಕ್ಕಿಸಿ ನಕ್ಷೆ ತುಂಬಿಸಿಕೊಳ್ಳುವ ಪೆಟ್ಟಿಗೆ ಇಂಥ ಬದಲಾವಣೆಗಳ ಹಿಂದೆ ಓಡುವಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿರುತ್ತದೆ.

ಇನ್ನು ಊರುಗಳ ಹೆಸರು. ರಾಮನಗರ ಸೀಮೆಯ ಗ್ರಾಮಗಳ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಹಳ್ಳಿಗಳಷ್ಟೇ ದೊಡ್ಡಿಗಳೂ ಕಾಣುತ್ತವೆ. ಹೊಸದೊಡ್ಡಿ, ಗೊಲ್ಲರದೊಡ್ಡಿ, ಯಾರದೋ ಗೌಡನ ಹೆಸರಿನ ದೊಡ್ಡಿ, ಅದೇ ಹೆಸರಿನ ಇನ್ನೊಂದು ಹೋಬಳಿಯ ಇನ್ನೊಂದು ದೊಡ್ಡಿ. ಇಂಗ್ಲಿಷಿನಲ್ಲಿ ಹುಡುಕಬೇಕಾದರೆ ಒಂದೇ ಊರಿಗೆ ನಾಲ್ಕು ಕಾಗುಣಿತ. ಭಾನುವಾರ ಬೆಂಗಳೂರಿನಿಂದ ಗುಂಪಾಗಿ ಬರುವವರಿಗೆ ಇದು ತಮಾಷೆ ಇರಬಹುದು. ಆದರೆ ಜಿಪಿಎಸ್‌ನ ನಿಜವಾದ ಗಿರಾಕಿಗಳು ಅವರಲ್ಲ. ಪಾರ್ಸೆಲ್ ಚೀಲ ಬೆನ್ನಿಗೆ ಹಾಕಿಕೊಂಡು ಹೊಲದ ಮನೆಗಳನ್ನು ಹುಡುಕುವ ಹುಡುಗರು, ಸಾಲದ ಕಂತು ವಸೂಲಿಗೆ ಹೋಗುವವರು, ಮೀಟರ್ ಓದುವವರು, ಹಸುವಿಗೆ ಹುಷಾರಿಲ್ಲ ಎಂದು ಫೋನ್ ಬಂದ ಕೂಡಲೇ ಹೊರಡುವ ಪಶುವೈದ್ಯ ಸಿಬ್ಬಂದಿ ದಿನವಿಡೀ ಬೈಕಿನ ಮೇಲಿರುವವರು. ಅವರಿಗೆ ಊರ ಹೆಸರು ಟೈಪ್ ಮಾಡಿ ಹುಡುಕುವುದರಿಂದ ಕೆಲಸ ಆಗದು. ಆ ಕಡೆಯವರು ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಕಳಿಸಬೇಕು, ಈ ಕಡೆಯ ಸಾಧನ ಅದನ್ನು ಒಂದೇ ಒತ್ತಿಗೆ ತೆರೆಯಬೇಕು. ಬೈಕಿಗೆಂದೇ ಮಾಡಿದ ಪೆಟ್ಟಿಗೆಗಳು ಸೋಲುವುದು ಇಲ್ಲಿ. ಕಳಿಸಿದ ಲೊಕೇಶನ್ ಫೋನಿಗೆ ಬರುತ್ತದೆ, ಅಲ್ಲಿಂದ ಪೆಟ್ಟಿಗೆಗೆ ಸಾಗಿಸುವುದೇ ಇನ್ನೊಂದು ಕೆಲಸ. ಅಂಕಿಗಳಲ್ಲೇ ತುಂಬಿಸುವುದಾದರೆ ಎಚ್ಚರ ಬೇಕು. ಕನಕಪುರ ಪಟ್ಟಣ ಸುಮಾರು 12.55 ಉತ್ತರ, 77.42 ಪೂರ್ವ. ದಶಾಂಶದ ನಂತರ ಎರಡೇ ಅಂಕಿ ಹಾಕಿದರೆ ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ, ಅಂದರೆ ಪಕ್ಕದ ದೊಡ್ಡಿ. ನಾಲ್ಕು ಅಂಕಿ ಹಾಕಿದರೆ ಹನ್ನೊಂದು ಮೀಟರ್, ಅಂದರೆ ಹಟ್ಟಿಯ ಬಾಗಿಲು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಹೊರತಂದ ಡಿಜಿಪಿನ್ ಇದನ್ನೇ ಹತ್ತು ಅಕ್ಷರಗಳಿಗೆ ಇಳಿಸಿದೆ; ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹೆಣೆದ ಲೆಕ್ಕ ಅದು. ಮನೆ ನಂಬರೇ ಇಲ್ಲದ ತೋಟದ ಮನೆಗಳ ಸೀಮೆಗೆ ಇದು ಪಿನ್‌ಕೋಡ್‌ಗಿಂತ ಉಪಯೋಗಿ. 562117 ಎಂದರೆ ಕನಕಪುರದ ಸುತ್ತಿನ ಎಷ್ಟೋ ಹಳ್ಳಿ ಬಂದುಬಿಡುತ್ತವೆ.

ಹಳ್ಳಿಯ ಒಳದಾರಿಗಳ ಮಟ್ಟಿಗೆ ಇನ್ನೊಂದು ಆಕರ ನಮ್ಮ ಕಣ್ಣೆದುರೇ ಇದ್ದರೂ ಸವಾರರು ಅದನ್ನು ನೆನೆಯುವುದಿಲ್ಲ. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ದಿಶಾಂಕ್ ಆ್ಯಪ್ ರೈತರಿಗೆ ಸರ್ವೆ ನಂಬರ್ ತೋರಿಸಲೆಂದು ಬಂದದ್ದು. ಅದಕ್ಕೆ ಆಧಾರವಾದ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆ ಎಲ್ಲ ಗುರುತಾಗಿರುತ್ತವೆ. ಎದುರಿಗಿರುವ ಮಣ್ಣಿನ ದಾರಿ ಯಾರದೋ ಹೊಲದೊಳಗೆ ಹೋಗಿ ನಿಲ್ಲುತ್ತದೋ ಊರಿಗೆ ಮುಟ್ಟುವ ಬಂಡಿದಾರಿಯೋ ಎಂಬ ಅನುಮಾನ ಬಂದಾಗ ಬೈಕು ನಿಲ್ಲಿಸಿ ಅದನ್ನೊಮ್ಮೆ ನೋಡಬಹುದು. ಅದು ದಾರಿ ಹೇಳುವ ಸಾಧನವಲ್ಲ, ನಿಜ. ಆದರೆ ದಾರಿಯ ಹಕ್ಕು ಯಾರದು ಎಂಬುದು ಅದರಷ್ಟು ಚೆನ್ನಾಗಿ ಯಾವ ವಿದೇಶಿ ಪೆಟ್ಟಿಗೆಗೂ ಗೊತ್ತಿಲ್ಲ.

ಇಷ್ಟು ಹೇಳಿದ ಮೇಲೆ ಬೈಕಿನ ಪೆಟ್ಟಿಗೆಗಳ ಪರವಾದ ವಾದವನ್ನು ಪ್ರಾಮಾಣಿಕವಾಗಿ ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಗಾರ್ಮಿನ್ ಕಂಪನಿ 2020ರಲ್ಲಿ ತಂದ ಜೂಮೊ ಎಕ್ಸ್‌ಟಿಯನ್ನೇ ತೆಗೆದುಕೊಳ್ಳಿ. ಐದೂವರೆ ಇಂಚಿನ ಪರದೆ, ಕೈಗವಸು ತೊಟ್ಟೇ ಒತ್ತಬಹುದು, ಬಿಸಿಲಲ್ಲಿ ಕಾಣುತ್ತದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವ ಐಪಿಎಕ್ಸ್7 ದರ್ಜೆ. ನಕ್ಷೆ ಅದರೊಳಗೇ ಇರುವುದರಿಂದ ಟವರಿನ ಹಂಗಿಲ್ಲ. ಫೋನಿನ ಕಥೆ ಬೇರೆ. ಮಳೆ ಹನಿ ಪರದೆಗೆ ಬಿದ್ದರೆ ಅದನ್ನೇ ಬೆರಳು ಎಂದುಕೊಂಡು ನಕ್ಷೆಯನ್ನು ಎಲ್ಲಿಗೋ ಎಳೆದೊಯ್ಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ ಕವರಿನೊಳಗೆ ಚಾರ್ಜ್ ಆಗುತ್ತ ಕೂತರೆ ಕಾದು ಆರಿಹೋಗುತ್ತದೆ. ಐಫೋನ್‌ಗೆ ಆ್ಯಪಲ್ ಹೇಳುವ ಸುತ್ತಲ ಉಷ್ಣಾಂಶದ ಮಿತಿಯೇ 35 ಡಿಗ್ರಿ. ನಡುಕದ ತೊಂದರೆಯನ್ನು ಆ ಕಂಪನಿ 2021ರ ಸೆಪ್ಟೆಂಬರ್‌ನಲ್ಲಿ ತಾನಾಗಿಯೇ ಒಪ್ಪಿಕೊಂಡಿತು. ಶಕ್ತಿಶಾಲಿ ಮೋಟಾರ್‌ಸೈಕಲ್ ಎಂಜಿನ್‌ನ ಕಂಪನ ಹ್ಯಾಂಡಲ್ ಮೂಲಕ ಫೋನಿಗೆ ಏರಿ, ಕ್ಯಾಮೆರಾದ ಲೆನ್ಸನ್ನು ಅಲುಗದಂತೆ ಹಿಡಿಯುವ ಸೂಕ್ಷ್ಮ ಯಂತ್ರವನ್ನು ಕೆಡಿಸಬಹುದು ಎಂಬ ಎಚ್ಚರಿಕೆ ಅದು. ಸಿಂಗಲ್ ಸಿಲಿಂಡರ್ ಬುಲೆಟ್ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಆಕ್ಷೇಪಗಳು ಸರಿ. ಆದರೆ ಅವೆಲ್ಲ ಫೋನಿನ ಮೈಗೆ ಸಂಬಂಧಿಸಿದವು, ನಕ್ಷೆಗಲ್ಲ. ಮೈಯ ತೊಂದರೆಗೆ ಅಗ್ಗದ ಮದ್ದುಗಳಿವೆ. ಹೊಸ ಫೋನನ್ನು ಜೇಬಿನಲ್ಲೇ ಇಟ್ಟು, ಮನೆಯ ಡ್ರಾಯರಿನಲ್ಲಿ ಬಿದ್ದ ಹಳೇ ಆಂಡ್ರಾಯ್ಡ್ ಫೋನನ್ನು ಹ್ಯಾಂಡಲ್‌ಗೆ ಕೊಟ್ಟರೆ ಕ್ಯಾಮೆರಾದ ಚಿಂತೆಯೂ ಇಲ್ಲ, ಒಡೆದರೂ ಹೊಟ್ಟೆ ಉರಿಯುವುದಿಲ್ಲ. ಅದಕ್ಕೆ ಸಿಮ್ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಓಸ್ಮ್ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ಕರ್ನಾಟಕದ ನಕ್ಷೆಯನ್ನು ಮನೆಯ ವೈಫೈನಲ್ಲಿ ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಬೇಕಾದ ಲೊಕೇಶನ್‌ಗಳನ್ನು ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ತೆರೆದುಕೊಳ್ಳಬಹುದು. ಗೂಗಲ್‌ನಲ್ಲೂ ಒಂದು ಪ್ರದೇಶವನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳುವ ಅವಕಾಶವಿದೆ, ಆದರೆ ಆ ಸ್ಥಿತಿಯಲ್ಲಿ ಟ್ರಾಫಿಕ್ ತಿಳಿಯದು, ನಡಿಗೆಯ ದಾರಿ ಸಿಗದು. ಬೈಕಿನ ಆಯ್ಕೆ ಉಳಿಯುತ್ತದೆಯೇ ಎಂಬುದನ್ನು ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬೇಕು. ಜೂಮೊ ಎಕ್ಸ್‌ಟಿ ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಬೆಲೆ 500 ಡಾಲರ್ ಇತ್ತು. ಆ ದುಡ್ಡಿಗೆ ಇಲ್ಲಿ ಒಳ್ಳೆಯ ಫೋನೇ ಬರುತ್ತದೆ, ಮಿಕ್ಕಿದ್ದರಲ್ಲಿ ಹೆಲ್ಮೆಟ್ಟೂ ಬರುತ್ತದೆ. ವಾರಗಟ್ಟಲೆ ಲಡಾಖಿನಲ್ಲೋ ಸ್ಪಿತಿಯಲ್ಲೋ ಅಲೆಯುವವರಿಗೆ, ಮಳೆ ಚಳಿ ಎನ್ನದೆ ದಿನಕ್ಕೆ ಹತ್ತು ಗಂಟೆ ಸವಾರಿ ಮಾಡುವವರಿಗೆ ಆ ಪೆಟ್ಟಿಗೆ ನ್ಯಾಯವೇ. ಶನಿವಾರ ಚುಂಚಿ ಜಲಪಾತಕ್ಕೆ ಹೋಗಿ ಬರುವವರಿಗೆ ಅದು ಪ್ರತಿಷ್ಠೆಯ ಮಾತು, ಅಷ್ಟೇ.

ಈಗ ಗಾಡಿಗೇ ಜಿಪಿಎಸ್ ಬರುತ್ತದಲ್ಲ, ಬೇರೆ ಏಕೆ ಎಂಬ ಮಾತೂ ಕೇಳಿಬರುತ್ತದೆ. 2018ರಲ್ಲಿ ಟಿವಿಎಸ್ ಎನ್‌ಟಾರ್ಕ್ ಸ್ಕೂಟರಿನ ಮೀಟರಿನಲ್ಲಿ ತಿರುವಿನ ಬಾಣ ಕಾಣಿಸಿತು. 2020ರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ಕ್ಕೆ ಟ್ರಿಪ್ಪರ್ ಎಂಬ ಪುಟ್ಟ ಗುಂಡು ಪರದೆ ಬಂತು. 2023ರ ಹಿಮಾಲಯನ್‌ನಲ್ಲಿ ಇಡೀ ಗೂಗಲ್ ನಕ್ಷೆಯೇ ಮೀಟರಿನಲ್ಲಿ ಮೂಡಿತು. ಕಣ್ಣಿಗೆ ಇವು ಹಿತ, ನೀರು ಬಿಸಿಲಿಗೆ ಗಟ್ಟಿ. ಆದರೆ ಇವುಗಳ ಹಿಂದೆ ಲೆಕ್ಕ ಹಾಕುತ್ತಿರುವುದು ಸವಾರನ ಜೇಬಿನ ಫೋನು. ಫೋನಿಗೆ ನಕ್ಷೆ ಸಿಗದಿದ್ದರೆ ಮೀಟರಿಗೂ ಸಿಗದು. ಬೆಂಗಳೂರಿನದೇ ಆದ ಏಥರ್ 450ಎಕ್ಸ್‌ನಂಥ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಗಾಡಿಗೇ ಸಿಮ್ ಇದೆ, ಆದರೆ ಆ ಸಿಮ್ಮಿಗೂ ಟವರ್ ಬೇಕು. ಗಾಡಿಯ ಪರದೆ ಇದ್ದವರೂ ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಟ್ಟುಕೊಳ್ಳಲೇಬೇಕು.

ಪರದೆಯ ವಿಷಯದಲ್ಲಿ ನನ್ನದು ಇನ್ನೂ ಸ್ವಲ್ಪ ಕಠಿಣ ಅಭಿಪ್ರಾಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಓಡುತ್ತದೆ. ಮುಂದಿನ ತಿರುವು ಎಡಕ್ಕೋ ಬಲಕ್ಕೋ ಎಂದು ನೋಡಲು ಎರಡು ಸೆಕೆಂಡ್ ಕಣ್ಣು ಕೆಳಗಿಳಿಸಿದರೆ ಮೂವತ್ತಮೂರು ಮೀಟರ್ ಕುರುಡಾಗಿ ಹೋದಂತೆ. ಬಣ್ಣವಿಲ್ಲದ, ಬೋರ್ಡಿಲ್ಲದ ಹಂಪ್ ಎದ್ದು ನಿಲ್ಲಲು, ರಾಗಿ ಒಕ್ಕಣೆಗೆಂದು ರಸ್ತೆಗೆ ಹರಡಿದ ಹುಲ್ಲು ಎದುರಾಗಲು ಅಷ್ಟು ದೂರ ಧಾರಾಳ ಸಾಕು. ಆದ್ದರಿಂದ ದೊಡ್ಡ ಪರದೆಗಿಂತ ಒಳ್ಳೆಯ ಧ್ವನಿಗೆ ದುಡ್ಡು ಹಾಕುವುದು ಜಾಣತನ. ಹೆಲ್ಮೆಟ್ಟಿನ ಒಳಗೆ ಕಿವಿಯ ಬಳಿ ಅಂಟಿಸುವ ಬ್ಲೂಟೂತ್ ಸ್ಪೀಕರ್ ಸಾಕು. ಎರಡೂ ಕಿವಿ ಮುಚ್ಚುವ ಇಯರ್‌ಫೋನ್ ಬೇಡ, ಹಿಂದಿನಿಂದ ಬರುವ ಕಲ್ಲಿನ ಲಾರಿಯ ಹಾರ್ನ್ ಕೇಳಬೇಕು. ಗೂಗಲ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಉಯ್ಯಂಬಳ್ಳಿ, ಹುಣಸನಹಳ್ಳಿಗಳನ್ನು ಇಂಗ್ಲಿಷ್ ಧ್ವನಿಯ ಬಾಯಲ್ಲಿ ಕೇಳಿ ಗುರುತಿಸುವ ಕಷ್ಟ ಅಲ್ಲಿಗೆ ತಪ್ಪಿತು. ಕಾನೂನಿನ ತೊಡಕೂ ಇಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಬಹುದು. ಕೈಯಲ್ಲಿ ಹಿಡಿದೋ, ಹೆಲ್ಮೆಟ್ ಸಂದಿಗೆ ತುರುಕಿಯೋ ಮಾತಾಡುವುದು ಅದರೊಳಗೆ ಬರುವುದಿಲ್ಲ.

ಇಷ್ಟೆಲ್ಲ ಏಕೆ, ಅಡ್ಡರಸ್ತೆಯ ಟೀ ಅಂಗಡಿಯಲ್ಲಿ ಕೇಳಿದರೆ ಆಗದೇ ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊನ್ನೆಯ ಮಳೆಗೆ ಮೋರಿ ಕೊಚ್ಚಿಹೋಗಿದೆ, ಇವತ್ತು ಕಬ್ಬಾಳಮ್ಮನ ಗುಡಿಗೆ ಜನ ತುಂಬಿದ್ದಾರೆ, ಬೆಳಿಗ್ಗೆ ಆನೆ ಬಂದಿತ್ತು ಎಂಬ ಸುದ್ದಿಯನ್ನು ಯಾವ ಉಪಗ್ರಹವೂ ಕೊಡುವುದಿಲ್ಲ. ‘ಅಣ್ಣ, ಈ ಕಡೆ ಹೋಗ್ಬಹುದಾ’ ಎಂದು ಕೇಳಿದರೆ ಸಿಗುತ್ತದೆ. ಕೇಳಲೇಬೇಕು. ಆದರೆ ‘ಇಲ್ಲೇ ಹತ್ರ, ನೆಟ್ಟಗೆ ಹೋಗಿ’ ಎಂಬುದು ಎರಡು ಕಿಲೋಮೀಟರೂ ಇರಬಹುದು, ಹನ್ನೆರಡೂ ಇರಬಹುದು. ಕತ್ತಲಾದ ಮೇಲೆ ಕೇಳಲು ಜನ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬಳೇ ಸ್ಕೂಟರಿನಲ್ಲಿ ಹೋಗುವ ಆಶಾ ಕಾರ್ಯಕರ್ತೆಗೋ ಶಿಕ್ಷಕಿಗೋ ಹೊತ್ತಲ್ಲದ ಹೊತ್ತಿನಲ್ಲಿ ನಿಂತು ಅಪರಿಚಿತರನ್ನು ಕೇಳು ಎಂದು ಸಲಹೆ ಕೊಡುವುದು ಸುಲಭ, ಪಾಲಿಸುವುದು ಸುಲಭವಲ್ಲ. ಜನರ ಮಾತು ನಕ್ಷೆಯನ್ನು ತಿದ್ದುವುದಕ್ಕೆ ಬೇಕು, ನಕ್ಷೆ ಜನರಿಲ್ಲದ ಹೊತ್ತಿಗೆ ಬೇಕು.

ನಕ್ಷೆಯನ್ನು ಪೂರ್ತಿ ನಂಬಿ ಕೆಟ್ಟವರ ಸುದ್ದಿಗಳೂ ಕಡಿಮೆಯಿಲ್ಲ. 2023ರ ಅಕ್ಟೋಬರ್ 1ರ ನಸುಕಿನಲ್ಲಿ ಕೇರಳದ ಗೋತುರುತ್ ಬಳಿ ಮಳೆಯಲ್ಲಿ ಕಾರು ಪೆರಿಯಾರ್ ನದಿಗೆ ಇಳಿದು ಇಬ್ಬರು ಯುವ ವೈದ್ಯರು ತೀರಿಕೊಂಡರು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಪ್ರವಾಹಕ್ಕೆ ಒಂದು ಭಾಗ ಕೊಚ್ಚಿಹೋಗಿದ್ದ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಎರಡೂ ಕಡೆ ಅವರು ಫೋನಿನ ನಕ್ಷೆ ನೋಡಿಕೊಂಡು ಹೋಗುತ್ತಿದ್ದರೆಂದು ವರದಿಯಾಯಿತು. ಇದನ್ನು ತೋರಿಸಿ ಫೋನು ಬೇಡ, ಪೆಟ್ಟಿಗೆಯೇ ಸರಿ ಎನ್ನುವವರು ಒಂದನ್ನು ಮರೆಯುತ್ತಾರೆ. ಪೆಟ್ಟಿಗೆಯ ನಕ್ಷೆಗೆ ಆ ಸೇತುವೆಯ ಸುದ್ದಿ ಇನ್ನೂ ತಡವಾಗಿ ಮುಟ್ಟುತ್ತದೆ. ಅಡ್ಡಗಟ್ಟೆ ಹಾಕಬೇಕಾದವರು ಹಾಕದಿರುವುದು ಬೇರೆ ಪ್ರಶ್ನೆ, ಅದರ ಉತ್ತರ ಯಾವ ಸಾಧನದಲ್ಲೂ ಇಲ್ಲ.

ಉಳಿದ ಸಣ್ಣ ವಿವರಗಳು ಬೇಗ ಮುಗಿಯುತ್ತವೆ. ಮೊಬೈಲ್ ಹೋಲ್ಡರ್ ಲೋಹದ್ದಿರಲಿ, ನಾಲ್ಕೂ ಮೂಲೆ ಹಿಡಿಯುವಂಥದ್ದಿರಲಿ, ಕಂಪನ ತಡೆಯುವ ರಬ್ಬರ್ ಇರಲಿ. ಸ್ಕೂಟರಿನಲ್ಲಾದರೆ ಕನ್ನಡಿಯ ಕಂಬಕ್ಕೆ ಕಟ್ಟುವಂಥದ್ದು. ಯುಎಸ್‌ಬಿ ಚಾರ್ಜರ್ ಹತ್ತು ವ್ಯಾಟ್ ಎಳೆಯುತ್ತದೆ, ಎಂಜಿನ್ ಓಡುವಾಗ ಅದು ಲೆಕ್ಕಕ್ಕಿಲ್ಲ, ಆದರೆ ಕೀ ತೆಗೆದ ಮೇಲೂ ಎಳೆಯದಂತೆ ಇಗ್ನಿಷನ್ ವೈರಿನಿಂದಲೇ ಸಂಪರ್ಕ ಕೊಡಿಸಬೇಕು. ಇಲ್ಲವಾದರೆ ಮೂರ್ನಾಲ್ಕು ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ ಇಳಿದುಹೋಗಬಹುದು. ಫೋನಿನ ಬ್ಯಾಟರಿ ಸೇವರ್ ಆಫ್ ಮಾಡಿರಬೇಕು, ಅದು ಹಿಂದಿನಿಂದ ಲೊಕೇಶನ್ನನ್ನೇ ನಿಲ್ಲಿಸಿಬಿಡಬಹುದು.

ಇಷ್ಟರ ಮೇಲೂ ಹೊಸ ಸಾಧನ ಕೊಳ್ಳುವ ಮನಸ್ಸಿದ್ದವರು ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಕೈಯಲ್ಲಿರುವ ಫೋನನ್ನೂ ಇದಕ್ಕೇ ಒಡ್ಡಬೇಕು. ಫೋನಾದರೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಪೆಟ್ಟಿಗೆಯಾದರೆ ಫೋನಿನ ಜೋಡಣೆ ತೆಗೆದು, ಅಂಗಡಿಯ ಹೊರಗೆ ಬಯಲಿಗೆ ತಂದು ನಿಲ್ಲಿಸಿ. ಚುಕ್ಕೆ ಬರುತ್ತದೆಯೇ ನೋಡಿ, ಬಂದೇ ಬರುತ್ತದೆ. ಆಮೇಲೆ ಮೇಕೆದಾಟಿಗೆ ಬೈಕಿನ ದಾರಿ ಕೇಳಿ, ಅದು ಸಂಗಮದ ಈಚೆ ದಡದಲ್ಲಿ ನಿಲ್ಲುತ್ತದೋ ಹೊಳೆಯೊಳಗೆ ಇಳಿಯುತ್ತದೋ ಗಮನಿಸಿ. ಬಿಡದಿಯಿಂದ ಮದ್ದೂರಿಗೆ ಕೇಳಿ, ಚನ್ನಪಟ್ಟಣದ ಪೇಟೆಯೊಳಗೆ ಹಾಯುತ್ತದೋ ಬೈಪಾಸ್ ಹತ್ತುತ್ತದೋ ನೋಡಿ. ಕೊನೆಗೆ ನಿಮಗೆ ಗೊತ್ತಿರುವ ಯಾವುದಾದರೂ ದೊಡ್ಡಿಯ ಹೆಸರನ್ನು ಕನ್ನಡದಲ್ಲೇ ಬರೆದು ಹುಡುಕಿ. ಮೂರರಲ್ಲಿ ಎರಡಕ್ಕಾದರೂ ಸರಿಯಾದ ಉತ್ತರ ಬಂದರೆ ಬೆಲೆಯ ಮಾತಾಡಬಹುದು. ಹೊಳೆಗೆ ಇಳಿಸಿದರೆ ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆಯಿರಿ. ಅಲ್ಲಿ ನಕ್ಷೆ ತಿದ್ದಲು ಯಾರ ಅಪ್ಪಣೆಯೂ ಬೇಕಿಲ್ಲ, ಮತ್ತು ಅರ್ಕಾವತಿಯ ಆ ಪಾತ್ರದಲ್ಲಿ ಯಾವ ತಿಂಗಳು ನೀರು ಎಷ್ಟಿರುತ್ತದೆ ಎಂಬುದು ದೊಡ್ಡಆಲಹಳ್ಳಿಯವರಷ್ಟು ಇನ್ನಾರಿಗೂ ಗೊತ್ತಿಲ್ಲ.